ತಡೆಯುವ ಕೈ ನಮಗೂ ಬೇಡ: ನಮ್ಮ ಸಂಸದರಿಗೆ ಒಂದು ಬಹಿರಂಗ ಪತ್ರ

ಕೋಲಾರದ ಸಂಸದರಿಗೆ, ಹಾಗೇ ಪಕ್ಕದ ಚಿಕ್ಕಬಳ್ಳಾಪುರ ಮತ್ತು ತುಮಕೂರಿನ ಸಂಸದರಿಗೂ ನಮಸ್ಕಾರಗಳು.

ನಾನು ಮುಳಬಾಗಿಲು ತಾಲೂಕಿನ ಒಂದು ಹಳ್ಳಿಯವನು. ಇಪ್ಪತ್ತಾರು ವರ್ಷ ನಮ್ಮೂರ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿಯಾಗಿದ್ದೆ. ಈಗ ನಿವೃತ್ತಿಯಾಗಿದೆ. ಆದರೂ ಸಂಜೆ ಡೈರಿ ಕಟ್ಟೆ ಮೇಲೆ ಕೂರುವುದು ಬಿಟ್ಟಿಲ್ಲ. ನಮ್ಮ ಕಡೆಯಿಂದ ನಿಮಗೆ ಬರುವ ಪತ್ರಗಳಲ್ಲಿ ನೀರು, ರಸ್ತೆ, ರೈಲು, ಟೊಮೆಟೊ ಬೆಲೆ ಇರುತ್ತದೆ. ಅವೆಲ್ಲ ಬೇಕು. ಅವನ್ನು ಬರೆಯುವವರು ಬರೆಯುತ್ತಾರೆ. ನಾನು ಬರೆಯುತ್ತಿರುವುದು ವಿಶ್ವಸಂಸ್ಥೆ ಮತ್ತು ಕಷ್ಟದಲ್ಲಿರುವ ದೇಶಗಳಿಗೆ ಸಾಲ ಕೊಡುವ ಅಂತರರಾಷ್ಟ್ರೀಯ ಹಣಕಾಸು ನಿಧಿ, ಅಂದರೆ ಐಎಂಎಫ್‌ನಲ್ಲಿ ಓಟು ಹಾಕುವ ರೀತಿಯ ಬಗ್ಗೆ. ಕೋಲಾರಕ್ಕೂ ಅದಕ್ಕೂ ಏನು ಸಂಬಂಧ ಅಂತ ಪತ್ರ ಪಕ್ಕಕ್ಕೆ ಇಡಬೇಡಿ. ಸ್ವಲ್ಪ ಓದಿ.

2025ರ ಸೆಪ್ಟೆಂಬರ್ ತಿಂಗಳ ಒಂದು ಸಂಜೆ. ಹಾಲು ಹಾಕಲು ಬಂದ ಹುಡುಗ ಕ್ಯಾನು ಕೆಳಗಿಟ್ಟು ಫೋನ್ ನೋಡುತ್ತಿದ್ದ. ಪಿಯುಸಿ ಓದುವ ಹುಡುಗ. "ತಾತ, ಗಾಜಾದಲ್ಲಿ ಯುದ್ಧ ನಿಲ್ಲಿಸಿ ಅಂತ ಹದಿನೈದು ಜನರಲ್ಲಿ ಹದಿನಾಲ್ಕು ಜನ ಕೈ ಎತ್ತಿದಾರೆ. ಆದ್ರೂ ಬಿದ್ದೋಯ್ತಂತೆ. ಅದು ಹೆಂಗೆ?" ಅಂತ ಕೇಳಿದ. ಅಮೆರಿಕ ಬೇಡ ಅಂದಿದೆ, ಅದಕ್ಕೆ ವೀಟೊ ಇದೆ, ಅಂದರೆ ಒಬ್ಬರೇ ಬೇಡ ಅಂದರೂ ನಿರ್ಣಯ ಬಿದ್ದುಹೋಗುತ್ತದೆ, ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್ ಈ ಐದು ದೇಶಗಳಿಗೆ ಆ ಅಧಿಕಾರ ಇದೆ ಅಂದೆ. ಅವನು ಒಂದು ನಿಮಿಷ ಸುಮ್ಮನಿದ್ದು, "ನಮ್ಮ ಡೈರೀಲಿ ಹಂಗಿಲ್ವಲ್ಲ" ಅಂದ. ಅಷ್ಟರಲ್ಲಿ ಅವನ ಸರದಿ ಬಂತು, ಹಾಲು ಅಳೆಸಿಕೊಂಡು ಹೋದ.

ಅದು ವಿಶ್ವಸಂಸ್ಥೆಯಲ್ಲಿ ಯುದ್ಧ, ಶಾಂತಿಯ ವಿಚಾರ ನೋಡುವ ಭದ್ರತಾ ಮಂಡಳಿಯ 10,000ನೇ ಸಭೆ. ಸೆಪ್ಟೆಂಬರ್ 18. ಗಾಜಾ ಯುದ್ಧ ಶುರುವಾದ ಮೇಲೆ ಅಮೆರಿಕ ಹಾಕಿದ ಆರನೇ ವೀಟೊ. ಇದು ಒಂದೇ ದೇಶದ ಚಾಳಿಯೂ ಅಲ್ಲ. 2022ರ ಫೆಬ್ರವರಿ 25ರಂದು ಉಕ್ರೇನ್ ಮೇಲಿನ ದಾಳಿಯನ್ನು ಖಂಡಿಸುವ ನಿರ್ಣಯ ಬಂದಾಗ 11 ದೇಶ ಪರವಾಗಿದ್ದವು, ರಷ್ಯಾ ಒಂದೇ ವಿರೋಧ. ಅಲ್ಲಿಗೆ ಮುಗಿಯಿತು. ಆರೋಪ ಯಾರ ಮೇಲಿದೆಯೋ ಅವರೇ ತೀರ್ಪನ್ನು ತಡೆದರು.

ಹುಡುಗನ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಯಾಕೆಂದರೆ ನಮ್ಮ ಡೈರಿಯಲ್ಲೂ ಒಮ್ಮೆ ಅದೇ ಪ್ರಶ್ನೆ ಬಂದಿತ್ತು.

ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ನಮ್ಮ ಸಂಘಕ್ಕೆ ಹಾಲು ತಣ್ಣಗೆ ಇಡುವ ದೊಡ್ಡ ಕೂಲರ್ ಮಂಜೂರಾಗಿತ್ತು. ಅದನ್ನು ಎಲ್ಲಿ ಕೂರಿಸಬೇಕು ಅನ್ನುವುದೇ ಜಗಳ. ನಮ್ಮಲ್ಲಿ ಒಬ್ಬರಿಗೆ ಮೂವತ್ತು ಹಸು. ಸಂಘಕ್ಕೆ ಬರುವ ಹಾಲಿನಲ್ಲಿ ಕಾಲು ಭಾಗ ಅವರದೇ. ಷೇರೂ ಜಾಸ್ತಿ. ಕೂಲರ್ ತಮ್ಮ ತೋಟದ ಪಕ್ಕ ಬರಬೇಕು, ಜಾಗ ತಾವೇ ಕೊಡುತ್ತೇವೆ ಅಂದರು. ಅದು ಊರಿಂದ ಒಂದೂವರೆ ಕಿಲೋಮೀಟರ್. ಮಹಾಸಭೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತರು. ಗಂಡ ಇಲ್ಲ, ಇರುವುದು ಒಂದೇ ಹಸು, ಹೊತ್ತಿಗೆ ನಾಲ್ಕು ಲೀಟರ್ ಹಾಲು. "ಕತ್ತಲಲ್ಲಿ ಕ್ಯಾನು ಹಿಡ್ಕೊಂಡು ಅಷ್ಟು ದೂರ ನಾನು ನಡೀಬೇಕಾ ಅಣ್ಣ?" ಅಂತ ಕೇಳಿದರು. ಕೈ ಎತ್ತಿಸಿದೆವು. ಊರೊಳಗೇ ಇರಲಿ ಅಂತ ತೀರ್ಮಾನವಾಯಿತು. ಮೂವತ್ತು ಹಸುವಿನವರದೂ ಒಂದೇ ಕೈ, ಆ ಹೆಂಗಸಿನದೂ ಒಂದೇ ಕೈ. ಸಹಕಾರ ಸಂಘಗಳ ಕಾಯಿದೆಯೇ ಹಾಗಿದೆ. ಷೇರು ಎಷ್ಟಾದರೂ ಇರಲಿ, ಓಟು ಒಂದೇ.

ಅವರು ಸಿಟ್ಟಾಗಿ ಹಾಲನ್ನು ಖಾಸಗಿಯವರಿಗೆ ಹಾಕಲು ಶುರು ಮಾಡಿದರು. ಸಂಘದ ಲೆಕ್ಕ ಕುಗ್ಗಿತು. ಬಟವಾಡೆ ದಿನ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. "ಹೋಗಿ ಕರೆದುಕೊಂಡು ಬರೋಣ, ಅವರು ಹೇಳಿದ ಜಾಗದಲ್ಲೇ ಮಾಡೋಣ" ಅಂತ ನಾನೇ ಅಧ್ಯಕ್ಷರ ಹತ್ತಿರ ಹೇಳಿದ್ದೆ. ಅಧ್ಯಕ್ಷರು ಒಪ್ಪಲಿಲ್ಲ. "ಇವತ್ತು ಒಬ್ಬರಿಗೆ ಬಗ್ಗಿದರೆ ನಾಳೆಯಿಂದ ಮಹಾಸಭೆ ಯಾಕೆ ಕರೀಬೇಕು?" ಅಂದರು. ಮೂರೂವರೆ ತಿಂಗಳಾದ ಮೇಲೆ ಅವರು ತಾವೇ ವಾಪಸ್ ಬಂದರು. ಮುಂದಿನ ಚುನಾವಣೆಯಲ್ಲಿ ನಿಂತು ನಿರ್ದೇಶಕರೂ ಆದರು, ಒಳ್ಳೆಯ ಕೆಲಸವನ್ನೂ ಮಾಡಿದರು. ಅವರ ಅನುಭವ ಸಂಘಕ್ಕೆ ಬೇಕಿತ್ತು. ತಡೆಯುವ ಅಧಿಕಾರ ಬೇಕಿರಲಿಲ್ಲ, ಅಷ್ಟೆ.

ಸ್ವಾಮಿ, ಈ ಎರಡನ್ನು ಬಿಡಿಸಿ ನೋಡಿ ಅನ್ನುವುದೇ ನನ್ನ ಪತ್ರದ ಸಾರ. ದೊಡ್ಡವರ ಮಾತಿಗೆ ತೂಕ ಜಾಸ್ತಿ ಇರುವುದು ಬೇರೆ. ಒಬ್ಬರೇ ಎಲ್ಲರನ್ನೂ ತಡೆಯುವುದು ಬೇರೆ. ನಮ್ಮ ದೇಶ ಭದ್ರತಾ ಮಂಡಳಿಯಲ್ಲಿ ಕಾಯಂ ಕುರ್ಚಿ ಕೇಳುತ್ತಿದೆ. ಕೇಳಲಿ, ನಮಗೆ ಆ ಅರ್ಹತೆ ಇದೆ. ಆದರೆ ಕುರ್ಚಿ ಜೊತೆ ತಡೆಯುವ ಕೈಯನ್ನೂ ಕೇಳುವುದು ಬೇಡ. ಅದು ಯಾರಿಗೂ ಇರಬಾರದು ಅಂತ ಕೇಳೋಣ.

ಈ ಸಂಸ್ಥೆ ನಮಗೆ ಹೊರಗಿನದ್ದಲ್ಲ. 1945ರ ಜೂನ್ 26ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಸಹಿ ಬಿದ್ದಾಗ ಭಾರತದ ಪರವಾಗಿ ಸಹಿ ಹಾಕಿದವರಲ್ಲಿ ಒಬ್ಬರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಮರುವರ್ಷ ಅವರೇ ಮೈಸೂರಿನ ದಿವಾನರಾದರು. ಕೊನೆಯ ದಿವಾನರೂ ಅವರೇ. ಆಗ ಕೋಲಾರ, ತುಮಕೂರು ಎರಡೂ ಮೈಸೂರು ಸಂಸ್ಥಾನದಲ್ಲಿದ್ದವು. ಚಿಕ್ಕಬಳ್ಳಾಪುರ ಕೋಲಾರ ಜಿಲ್ಲೆಯೊಳಗೇ ಇತ್ತು. ಅಂದರೆ ಆ ಸನ್ನದಿಗೆ ಸಹಿ ಹಾಕಿದ ಕೈಯೇ ನಮ್ಮ ಮೂರೂ ಜಿಲ್ಲೆಗಳ ಕಡತಗಳಿಗೂ ಸಹಿ ಹಾಕಿದೆ. ನಮ್ಮ ಶಾಲೆಗಳಲ್ಲಿ ಇದನ್ನು ಹೇಳಿಕೊಡುವುದಿಲ್ಲ. ಹೇಳಿಕೊಡಬೇಕು.

ಆಗ ಭಾರತಕ್ಕೆ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ಮೊದಲ ಸದಸ್ಯ ದೇಶಗಳು 51, ಅದರಲ್ಲಿ ಆಫ್ರಿಕಾದವು ನಾಲ್ಕೇ. ಈಗ ಒಟ್ಟು 193, ಆಫ್ರಿಕಾದ್ದೇ 54. ಕಾಯಂ ಕುರ್ಚಿ ಮಾತ್ರ ಅವತ್ತು ಐದು, ಇವತ್ತೂ ಐದು. ಆಫ್ರಿಕಾಕ್ಕೆ ಒಂದೂ ಇಲ್ಲ.

ಸನ್ನದನ್ನು ಮುಟ್ಟುವುದು ಕಷ್ಟ ಅಂತ ಹೇಳುತ್ತಾರೆ. ಎಲ್ಲಾ ಸದಸ್ಯ ದೇಶಗಳೂ ಕೂರುವ ಸಾಮಾನ್ಯ ಸಭೆಯಲ್ಲಿ ಮೂರರಲ್ಲಿ ಎರಡು ಭಾಗ ಒಪ್ಪಬೇಕು, ಆಮೇಲೆ ಅಷ್ಟೇ ದೇಶಗಳ ಸರ್ಕಾರಗಳು ಮಂಜೂರು ಮಾಡಬೇಕು, ಅದರಲ್ಲಿ ಐದು ಕಾಯಂ ದೇಶಗಳೂ ಇರಲೇಬೇಕು. ಕಷ್ಟ ನಿಜ. ಆದರೆ ನೋಡಿ, ಸನ್ನದಿನ 23ನೇ ವಿಧಿಯಲ್ಲಿ ಕಾಯಂ ಸದಸ್ಯರ ಹೆಸರಿದೆ. ಅಲ್ಲಿ ಇವತ್ತಿಗೂ 'ಸೋವಿಯತ್ ಸಮಾಜವಾದಿ ಗಣರಾಜ್ಯಗಳ ಒಕ್ಕೂಟ' ಅಂತಲೇ ಇದೆ. 'ಚೀನಾ ಗಣರಾಜ್ಯ' ಅಂತಲೇ ಇದೆ. ಸೋವಿಯತ್ ಒಕ್ಕೂಟ 1991ರಲ್ಲೇ ಇಲ್ಲವಾಯಿತು. ಚೀನಾದ ಕುರ್ಚಿ 1971ರಲ್ಲೇ ತೈವಾನ್ ಸರ್ಕಾರದ ಕೈಯಿಂದ ಬೀಜಿಂಗ್ ಕೈಗೆ ಹೋಯಿತು. ಒಂದಕ್ಷರ ತಿದ್ದದೆ ಎರಡು ಕುರ್ಚಿಗಳಲ್ಲಿ ಕೂತವರು ಬದಲಾದರು. ದೊಡ್ಡವರಿಗೆ ಬೇಕಾದಾಗ ದಾರಿ ತಾನಾಗೇ ಸಿಗುತ್ತದೆ ಅಲ್ವಾ?

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಭದ್ರತಾ ಮಂಡಳಿ ಮೊದಲು ಹನ್ನೊಂದು ಜನರದ್ದು. ಅದು ಹದಿನೈದಾಗಿದ್ದು ಹೇಗೆ ಗೊತ್ತಾ? 1963ರ ಡಿಸೆಂಬರ್‌ನಲ್ಲಿ ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದ ದೇಶಗಳು ಒಟ್ಟಾಗಿ ಸಾಮಾನ್ಯ ಸಭೆಯಲ್ಲಿ ಓಟಿಗೆ ಹಾಕಿಸಿದವು. ಫ್ರಾನ್ಸ್ ಮತ್ತು ಸೋವಿಯತ್ ಒಕ್ಕೂಟ ವಿರೋಧಿಸಿದವು. ಅಮೆರಿಕ, ಬ್ರಿಟನ್ ಯಾವ ಕಡೆಗೂ ಓಟು ಹಾಕಲಿಲ್ಲ. ಆದರೂ ಗೆದ್ದಿತು. ಎರಡು ವರ್ಷ ತುಂಬುವುದರೊಳಗೆ, 1965ರ ಆಗಸ್ಟ್‌ಗೆ, ಆ ನಾಲ್ಕೂ ದೇಶಗಳು ಮಂಜೂರು ಮಾಡಿದವು. ಅಷ್ಟು ದೇಶಗಳ ಮುಖಕ್ಕೆ ಇಲ್ಲ ಅನ್ನುವುದು ಅವರಿಗೂ ಕಷ್ಟವಾಯಿತು. ಈಗ 2009ರಿಂದ ಸುಧಾರಣೆಯ ಮಾತುಕತೆ ನಡೆಯುತ್ತಿದೆ. ಎಲ್ಲರೂ ಕೂತು ತಿದ್ದಬಹುದಾದ ಒಂದು ಕರಡು ಮೇಜಿನ ಮೇಲೆ ಬಂದಿಲ್ಲ. ನಡವಳಿ ಪುಸ್ತಕದಲ್ಲಿ ಬರೆಯದ ಚರ್ಚೆ ಕಾಫಿ ಜೊತೆ ಮುಗಿದುಹೋಗುತ್ತದೆ. ಇದು ಕಾರ್ಯದರ್ಶಿಯಾಗಿ ನಾನು ಕಂಡ ಮಾತು.

ಇನ್ನು ಐಎಂಎಫ್ ವಿಚಾರ. ಇದು ನಮ್ಮ ಜಿಲ್ಲೆಗೆ ಇನ್ನೂ ಹತ್ತಿರದ್ದು. ನಮ್ಮ ದೊಡ್ಡಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ ಕೆಲಸ ಮಾಡಿದವರು. ಮೂರು ಕಿಲೋಮೀಟರ್‌ಗೂ ಜಾಸ್ತಿ ಆಳದ ಗಣಿ ಅದು. ಒಳಗೆ ಬಂಡೆಯೇ ಕಾದಿರುತ್ತದೆ, ಮೈಮೇಲಿನ ಬನಿಯನ್ ಹಿಂಡಿದರೆ ನೀರು ಸುರಿಯುತ್ತದೆ ಅನ್ನುತ್ತಿದ್ದರು. ಸಂಬಳದ ದಿನ ನಮಗೆ ಬೆಣ್ಣೆ ಬಿಸ್ಕತ್ತು ತರುತ್ತಿದ್ದರು. ಚಿನ್ನವನ್ನು ಮಾತ್ರ ಅವರ ಮನೆಯಲ್ಲಿ ನಾವು ನೋಡಿದ್ದು ದೊಡ್ಡಮ್ಮನ ತಾಳಿಯಲ್ಲಿ. ನೂರಿಪ್ಪತ್ತು ವರ್ಷದಲ್ಲಿ ಆ ನೆಲದಿಂದ ತೆಗೆದದ್ದು ಸುಮಾರು 800 ಟನ್. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು.

ಐಎಂಎಫ್ ಹತ್ತಿರ ಇವತ್ತು 2,800 ಟನ್‌ಗೂ ಜಾಸ್ತಿ ಚಿನ್ನ ಇದೆ. ಶುರುವಿನಲ್ಲಿ ಸದಸ್ಯ ದೇಶಗಳು ತಮ್ಮ ಪಾಲಿನ ಒಂದಷ್ಟನ್ನು ಚಿನ್ನದಲ್ಲೇ ಕಟ್ಟಬೇಕಿತ್ತು, ಹಾಗೆ ಸೇರಿದ್ದು. ಒಂದು ರೀತಿಯಲ್ಲಿ ಅದೂ ನಮ್ಮ ಸಂಘದ ಹಾಗೇ. ಷೇರು ಕಟ್ಟಿ ಸೇರುವುದು, ಕಷ್ಟಕ್ಕೆ ಸಾಲ ಪಡೆಯುವುದು. ವ್ಯತ್ಯಾಸ ಇರುವುದು ಓಟಿನಲ್ಲಿ. ಅಲ್ಲಿ ಷೇರಿನಷ್ಟು ಓಟು.

1991ರಲ್ಲಿ ನಮ್ಮ ದೇಶದ ಕೈಯಲ್ಲಿ ಎರಡು ಮೂರು ವಾರದ ಆಮದಿಗೆ ಸಾಲುವಷ್ಟೇ ವಿದೇಶಿ ಹಣ ಉಳಿದಿತ್ತು. ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನವನ್ನು ಬೇರೆ ದೇಶಗಳಲ್ಲಿ ಅಡ ಇಟ್ಟರು. ಐಎಂಎಫ್ ಸಾಲವೂ ಬಂತು. ಆ ಜುಲೈ ಬಜೆಟ್ಟಿನಲ್ಲಿ ಗೊಬ್ಬರದ ಬೆಲೆಯನ್ನು ನೂರಕ್ಕೆ 40ರಷ್ಟು ಏರಿಸಿದರು. ರೈತರು ಗಲಾಟೆ ಮಾಡಿದ ಮೇಲೆ 30ಕ್ಕೆ ಇಳಿಸಿದರು. ತಪ್ಪೆಲ್ಲ ಹೊರಗಿನವರದ್ದು ಅನ್ನುವುದಿಲ್ಲ. ನಮ್ಮವರೇ ವರ್ಷಗಟ್ಟಲೆ ಮಿತಿ ಮೀರಿ ಖರ್ಚು ಮಾಡಿದ್ದರು. ಆದರೆ ಸಾಲ ಕೇಳಲು ಹೋದವನಿಗೆ ಆ ಸಭೆಯಲ್ಲಿ ಎಷ್ಟು ಮಾತಾಡುವ ಹಕ್ಕಿದೆ ಅನ್ನುವುದು ಗೊಬ್ಬರದ ಮೂಟೆವರೆಗೂ ಬಂದು ಮುಟ್ಟುತ್ತದೆ.

ಆ ಹಕ್ಕು ಎಷ್ಟು ಅಂತ ನೋಡೋಣ. 1946ರಲ್ಲಿ ಐಎಂಎಫ್ ಕೆಲಸ ಶುರು ಮಾಡಿದಾಗ ಸೋವಿಯತ್ ಒಕ್ಕೂಟ ಸೇರಲಿಲ್ಲ. ಹಾಗಾಗಿ ಪಾಲಿನ ಲೆಕ್ಕದಲ್ಲಿ ಭಾರತ ಮೊದಲ ಐದರಲ್ಲಿ ಬಂತು. ಈಗ ಎಂಟನೆಯದು, ನೂರಕ್ಕೆ 2.75. ಇಟಲಿ ನಮಗಿಂತ ಮೇಲಿದೆ. ಪಾಲು ಬದಲಿಸುವಂಥ ದೊಡ್ಡ ತೀರ್ಮಾನಕ್ಕೆ ನೂರಕ್ಕೆ 85 ಓಟು ಬೇಕು. ಅಮೆರಿಕದ ಹತ್ತಿರ 16ಕ್ಕಿಂತ ಜಾಸ್ತಿ ಇದೆ. ಉಳಿದ ಎಲ್ಲಾ ದೇಶ ಒಂದಾದರೂ 85 ಮುಟ್ಟುವುದಿಲ್ಲ. ವೀಟೊ ಅನ್ನುವ ಹೆಸರಿಲ್ಲ, ಕೆಲಸ ಅದೇ. 2010ರಲ್ಲಿ ಒಂದು ಸುಧಾರಣೆಗೆ ಎಲ್ಲರೂ ಒಪ್ಪಿದರು. ಅಮೆರಿಕದ ಸಂಸತ್ತು ಐದು ವರ್ಷ ಅದನ್ನು ಮುಟ್ಟಲಿಲ್ಲ. ಅದು ಜಾರಿಗೆ ಬಂದಿದ್ದು 2016ರ ಜನವರಿಯಲ್ಲಿ. 2023ರ ಡಿಸೆಂಬರ್‌ನಲ್ಲಿ ಎಲ್ಲರ ಪಾಲನ್ನೂ ಒಂದೂವರೆ ಪಟ್ಟು ಮಾಡೋಣ ಅಂದರು, ಯಾರ ಪಾಲು ಎಷ್ಟು ಅನ್ನುವ ಅನುಪಾತವನ್ನು ಮಾತ್ರ ಬದಲಿಸಲಿಲ್ಲ. ಐಎಂಎಫ್ ಮುಖ್ಯಸ್ಥರು ಯುರೋಪಿನವರು, ವಿಶ್ವಬ್ಯಾಂಕಿನ ಮುಖ್ಯಸ್ಥರು ಅಮೆರಿಕದವರು. ಇದು ಎಲ್ಲೂ ಬರೆದಿಲ್ಲ, ಆದರೂ ಶುರುವಿನಿಂದ ನಡೆದುಕೊಂಡು ಬಂದಿದೆ.

ಐಎಂಎಫ್ ಕಟ್ಟಿದವರಿಗೂ ಈ ಅಪಾಯ ಗೊತ್ತಿತ್ತು. ಹಾಗಾಗಿ ಪ್ರತಿ ದೇಶಕ್ಕೂ, ಅದು ಎಷ್ಟೇ ಚಿಕ್ಕದಿರಲಿ, ಸಮಾನವಾಗಿ ಒಂದಿಷ್ಟು ಮೂಲ ಓಟು ಇಟ್ಟಿದ್ದರು. ಶುರುವಿನಲ್ಲಿ ಒಟ್ಟು ಓಟಿನಲ್ಲಿ ಅದು ನೂರಕ್ಕೆ 11ರಷ್ಟಿತ್ತು. ಷೇರುಗಳು ಬೆಳೆದ ಹಾಗೆ ಅದು ಕರಗುತ್ತಾ 2ರ ಹತ್ತಿರ ಇಳಿಯಿತು. 2008ರಲ್ಲಿ ಒಪ್ಪಿದ ತಿದ್ದುಪಡಿಯಿಂದ ಈಗ ಐದೂವರೆಗೆ ನಿಂತಿದೆ. ನಾಲ್ಕು ಲೀಟರ್ ಹಾಲು ಹಾಕುವ ಆ ತಾಯಿಯ ಕೈ ಅಂದರೆ ಇದೇ. ಇದನ್ನು ಮೊದಲಿದ್ದ ಮಟ್ಟಕ್ಕಾದರೂ ತರಬೇಕು.

ನೀವು ಒಂದು ಪ್ರಶ್ನೆ ಕೇಳಬಹುದು. ನೌರು ಅನ್ನುವ ದ್ವೀಪದಲ್ಲಿ ಹನ್ನೆರಡು ಸಾವಿರದಷ್ಟು ಜನ. ನಮ್ಮ ಮುಳಬಾಗಿಲು ಪಟ್ಟಣದಲ್ಲೇ ಅದರ ನಾಲ್ಕು ಪಟ್ಟಿಗಿಂತ ಜಾಸ್ತಿ ಇದ್ದಾರೆ. ಸಾಮಾನ್ಯ ಸಭೆಯಲ್ಲಿ ಅವರಿಗೂ ಒಂದು ಓಟು, 140 ಕೋಟಿ ಜನರ ನಮಗೂ ಒಂದು ಓಟು. ಇದು ನ್ಯಾಯವೇ? ಪೂರ್ತಿ ನ್ಯಾಯ ಅಲ್ಲ ಅಂತಲೇ ನನಗೂ ಅನಿಸುತ್ತದೆ. ಜನರ ಸಂಖ್ಯೆಗೆ, ಕಟ್ಟುವ ಹಣಕ್ಕೆ, ಹೊರುವ ಹೊಣೆಗೆ ತಕ್ಕಂತೆ ಸ್ವಲ್ಪ ತೂಕ ಇರಲಿ. ನಮ್ಮ ಸಂಘದಲ್ಲೂ ಸುಮ್ನೆ ಸದಸ್ಯರಾದರೆ ಓಟಿಲ್ಲ, ಹಾಲು ಹಾಕಿರಬೇಕು. ವಿಶ್ವಸಂಸ್ಥೆಯಲ್ಲೂ ಎರಡು ವರ್ಷದಷ್ಟು ಬಾಕಿ ಉಳಿಸಿಕೊಂಡ ದೇಶಕ್ಕೆ ಸಾಮಾನ್ಯ ಸಭೆಯಲ್ಲಿ ಓಟಿಲ್ಲ ಅಂತ 19ನೇ ವಿಧಿ ಹೇಳುತ್ತದೆ. ಇವೆಲ್ಲ ಸರಿ. ತೂಕ ಎಷ್ಟಿರಬೇಕು ಅಂತ ಕೂತು ಮಾತಾಡಬಹುದು. ಒಬ್ಬನೇ ಬಾಗಿಲು ಹಾಕಿಕೊಂಡು ನಿಂತರೆ ಮಾತಿಗೆ ಜಾಗವೇ ಇರುವುದಿಲ್ಲ.

ಬಾಗಿಲು ಹಾಕಿದ್ದರಿಂದ ನಮಗೆ ಏನಾಯಿತು ಅಂತ ಕೇಳಿದರೆ, 2022ರ ಬೇಸಿಗೆಯನ್ನು ನೆನಪು ಮಾಡಿಕೊಳ್ಳಿ. ಉಕ್ರೇನ್ ಯುದ್ಧ ಶುರುವಾಗಿ ಅಡುಗೆ ಮನೆಗೆ ಸನ್‌ಫ್ಲವರ್ ಎಣ್ಣೆ ದುಬಾರಿಯಾಯಿತು. ಪೊಟ್ಯಾಷ್ ಬೆಲೆ ಏರಿತು. ಟೊಮೆಟೊ ಕಾಯಿ ಕಟ್ಟುವಾಗ ಪೊಟ್ಯಾಷ್ ಬೇಕೇ ಬೇಕು ಅಂತ ಕೋಲಾರದ ಪ್ರತಿ ರೈತನಿಗೂ ಗೊತ್ತು. ಅದಕ್ಕೂ ಮೊದಲು ಕೊರೊನಾ. ಲಸಿಕೆ, ಔಷಧಿಗಳ ಪೇಟೆಂಟ್ ಸಡಿಲಿಸಿ ಅಂತ ಭಾರತ ಮತ್ತು ದಕ್ಷಿಣ ಆಫ್ರಿಕಾ ವಿಶ್ವ ವ್ಯಾಪಾರ ಸಂಸ್ಥೆಯನ್ನು ಕೇಳಿದ್ದು 2020ರ ಅಕ್ಟೋಬರ್‌ನಲ್ಲಿ. ತೀರ್ಮಾನ ಬಂದಿದ್ದು 2022ರ ಜೂನ್‌ನಲ್ಲಿ, ಅದೂ ಲಸಿಕೆಗೆ ಮಾತ್ರ. ನಡುವೆ ಎರಡನೇ ಅಲೆ ಬಂದು ಹೋಯಿತು. ನಮ್ಮೂರಲ್ಲಿ ಆ ಮೇ ತಿಂಗಳಲ್ಲಿ ಏಳು ಜನ ಹೋದರು. ಹಾಲಿನ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಸೊನ್ನೆ ಬರೆದವನು ನಾನು.

ಪಕ್ಕದ ಊರಿನಲ್ಲಿ ಒಬ್ಬರು ನಿವೃತ್ತ ಯೋಧರಿದ್ದಾರೆ. ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಕಾಂಗೋಗೆ ಹೋಗಿ ಬಂದವರು. ಅವರ ನೀಲಿ ಟೋಪಿ ಟ್ರಂಕಿನೊಳಗೆ, ಹೆಂಡತಿಯ ಮದುವೆ ಸೀರೆಯ ಕೆಳಗೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟಿದ್ದಾರೆ. ಹೋದ ಸಲ ತೆಗೆದು ತೋರಿಸಿದರು. ಬೆವರಿನ ಕಲೆ ಒಳಗಡೆ ಇನ್ನೂ ಇದೆ. "ನಮ್ಮನ್ನ ಎಲ್ಲಿ ನಿಲ್ಲಿಸಬೇಕು, ಗುಂಡು ಯಾವಾಗ ಹಾರಿಸಬೇಕು ಅಂತ ಬರೆಯೋರು ಬೇರೆ ಕಡೆ ಇರ್ತಿದ್ರು" ಅಂದರು, ಅಷ್ಟೇ. ಇವರ ಹಾಗೆ ಇಲ್ಲಿವರೆಗೆ ಎರಡೂ ಮುಕ್ಕಾಲು ಲಕ್ಷಕ್ಕಿಂತ ಜಾಸ್ತಿ ಭಾರತೀಯರು ಶಾಂತಿಪಡೆಗೆ ಹೋಗಿದ್ದಾರೆ. ಸುಮಾರು 180 ಜನ ವಾಪಸ್ ಬರಲಿಲ್ಲ. ಬೇರೆ ಯಾವ ದೇಶವೂ ಇಷ್ಟು ಜನರನ್ನು ಕಳೆದುಕೊಂಡಿಲ್ಲ. ಮಂಡಳಿಯಲ್ಲಿ ಇಲ್ಲದ ದೇಶದಿಂದ ಪಡೆ ಕೇಳುವಾಗ, ಆ ಪಡೆಯ ಬಗ್ಗೆ ತೀರ್ಮಾನ ಮಾಡುವ ಸಭೆಗೆ ಆ ದೇಶವನ್ನೂ ಕರೆಯಬೇಕು ಅಂತ ಸನ್ನದಿನ 44ನೇ ವಿಧಿ ಹೇಳುತ್ತದೆ. ಅದನ್ನು ಪಾಲಿಸಿ ಅನ್ನುವುದಕ್ಕೆ ಯಾವ ತಿದ್ದುಪಡಿಯೂ ಬೇಕಿಲ್ಲ.

ಈಗ ನಿಮ್ಮಿಂದ ನನಗೆ ಬೇಕಾದ್ದು. ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ವಿದೇಶಾಂಗ ಸಚಿವರಿಗೆ ಒಂದು ಚುಕ್ಕೆ ಗುರುತಿನ ಪ್ರಶ್ನೆ ಹಾಕಿ. 2005ರಲ್ಲಿ ಭಾರತ, ಬ್ರೆಜಿಲ್, ಜರ್ಮನಿ, ಜಪಾನ್ ಸೇರಿ ಒಂದು ಕರಡು ಮಂಡಿಸಿದ್ದವು. ಹೊಸ ಕಾಯಂ ಸದಸ್ಯರು ಹದಿನೈದು ವರ್ಷದ ನಂತರದ ಪರಿಶೀಲನೆವರೆಗೆ ವೀಟೊ ಬಳಸುವುದಿಲ್ಲ ಅಂತ ಅದರಲ್ಲಿತ್ತು. ಹದಿನೈದು ವರ್ಷ ಕಾಯಲು ಒಪ್ಪಿದವರು, ನಮಗೆ ಅದು ಬೇಡವೇ ಬೇಡ ಅಂತ ಹೇಳಲು ಏನು ಅಡ್ಡಿ ಅಂತ ಕೇಳಿ. ಹಾಗಂದರೆ ನಾವು ಎರಡನೇ ದರ್ಜೆಯ ಕಾಯಂ ಸದಸ್ಯರಾಗುತ್ತೇವೆ ಅಂತ ಅಧಿಕಾರಿಗಳು ಹೇಳಬಹುದು. ಆದರೆ ಜಗತ್ತಿನ ಅತಿ ಹೆಚ್ಚು ಜನರಿರುವ ದೇಶ ಹೀಗೆ ಹೇಳಿದರೆ ಆಫ್ರಿಕಾದ 54 ದೇಶಗಳ ಹತ್ತಿರ ಹೋಗಿ ಕೂರಲು ನಮಗೆ ಮುಖ ಇರುತ್ತದೆ. ವೀಟೊ ಹೋಗಬೇಕು, ಇರುವುದಾದರೆ ಎಲ್ಲಾ ಕಾಯಂ ಸದಸ್ಯರಿಗೂ ಇರಲಿ ಅನ್ನುವುದು ಆಫ್ರಿಕಾದವರ ನಿಲುವು. ಅದರ ಮೊದಲ ಅರ್ಧವನ್ನು ನಾವು ಗಟ್ಟಿಯಾಗಿ ಹಿಡಿಯೋಣ. ಅವರಿಲ್ಲದೆ 1963ರ ಹಾಗೆ ಮೂರರಲ್ಲಿ ಎರಡು ಭಾಗ ಓಟು ಆಗುವುದೇ ಇಲ್ಲ.

ವೀಟೊ ಪೂರ್ತಿ ಹೋಗುವವರೆಗೆ, ಸಾಮೂಹಿಕ ಹತ್ಯೆ ನಡೆಯುವಾಗ ಅದನ್ನು ಬಳಸುವುದಿಲ್ಲ ಅಂತ ಐದೂ ದೇಶ ತಾವಾಗಿ ಒಪ್ಪಬೇಕು ಅಂತ ಫ್ರಾನ್ಸ್ ಮತ್ತು ಮೆಕ್ಸಿಕೊ ವರ್ಷಗಳಿಂದ ಹೇಳುತ್ತಿವೆ. ಫ್ರಾನ್ಸ್ ಕೈಯಲ್ಲೇ ವೀಟೊ ಇದೆ, ಆದರೂ ಹೇಳುತ್ತಿದೆ. ನಮ್ಮ ಸರ್ಕಾರ ಅದರ ಪಕ್ಕ ನಿಲ್ಲುವಂತೆ ಮಾಡಿ. ಐಎಂಎಫ್‌ನಲ್ಲಿ 85 ಅನ್ನುವುದನ್ನು 80ಕ್ಕೆ ಇಳಿಸಿ ಅಂತ ಕೇಳಲಿ. ಸಣ್ಣ ಬದಲಾವಣೆ ಅದು. ಅಷ್ಟಕ್ಕೇ ಒಂದೇ ದೇಶ ಎಲ್ಲವನ್ನೂ ನಿಲ್ಲಿಸುವುದು ತಪ್ಪುತ್ತದೆ. ಆ ಬದಲಾವಣೆಗೂ ಈಗಿನ 85 ಬೇಕು, ಗೊತ್ತಿದೆ. ಕೇಳದೆ ಇದ್ದರೆ ಅದು ಯಾವತ್ತೂ ನಡವಳಿಗೆ ಬರುವುದಿಲ್ಲ.

ದೊಡ್ಡ ದೇಶ ಸಿಟ್ಟಾಗಿ ಎದ್ದು ಹೋದರೆ ಏನು ಗತಿ ಅನ್ನುವ ಭಯ ನನಗೆ ಅರ್ಥವಾಗುತ್ತದೆ. 2025ರ ಜನವರಿಯಲ್ಲಿ ಅಮೆರಿಕ ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರಗೆ ಹೋಗುತ್ತೇನೆ ಅಂದಿತು. ಅದೇ ವರ್ಷ ಮೇ 20ರಂದು ಉಳಿದ ದೇಶಗಳು ಕೂತು ಮುಂದಿನ ಮಹಾಮಾರಿಗೆ ಸಿದ್ಧವಾಗುವ ಒಪ್ಪಂದವನ್ನು ಅಂಗೀಕರಿಸಿದವು. ಕಷ್ಟದಲ್ಲೇ ಆಯಿತು, ದುಡ್ಡಿಗೆ ತೊಂದರೆಯೂ ಆಯಿತು. ಆದರೆ ಸಭೆ ನಡೆಯಿತು.

ನಮ್ಮ ಸಂಘದ ಮಹಾಸಭೆ ಪ್ರತಿ ವರ್ಷ ಸೆಪ್ಟೆಂಬರ್‌ನಲ್ಲಿ ನಡೆಯುತ್ತದೆ. ನೀವು ಮೂವರಲ್ಲಿ ಯಾರಾದರೂ ಒಬ್ಬರು ಬನ್ನಿ. ವೇದಿಕೆ, ಹಾರ, ಭಾಷಣ ಏನೂ ಬೇಡ. ಹಿಂದಿನ ಸಾಲಿನಲ್ಲಿ, ಹೆಂಗಸರು ಕೂರುವ ಕಡೆ ಒಂದು ಕುರ್ಚಿ ಹಾಕಿಸುತ್ತೇನೆ. ನಾಲ್ಕು ಲೀಟರ್ ಹಾಲಿನ ಆ ತಾಯಿ ಈಗಲೂ ಬರುತ್ತಾರೆ. ಈಗ ಅವರಿಗೆ ಎರಡು ಹಸು. ಪ್ರಶ್ನೆ ಕೇಳಿದ ಹುಡುಗನೂ ಇರುತ್ತಾನೆ. ಲೋಕಸಭೆಯಲ್ಲಿ ನಿಮಗೆ ಸಿಕ್ಕ ಉತ್ತರದ ಪ್ರತಿಯನ್ನು ಮರೆಯದೆ ತನ್ನಿ. ಅವನಿಗೆ ಓದಿಸಬೇಕು.

ಇಂತಿ ನಿಮ್ಮ ವಿಶ್ವಾಸಿ,
ಹಾಲು ಸಂಘದ ಒಬ್ಬ ನಿವೃತ್ತ ಕಾರ್ಯದರ್ಶಿ
ಮುಳಬಾಗಿಲು ತಾಲೂಕು, ಕೋಲಾರ ಜಿಲ್ಲೆ